ಬೇಲಿಯಾಚೆ ಬೇರೆ ಶಾಲೆ: ಡಲ್ಲಾಸ್‌ನ ಉತ್ತರದ ಊರುಗಳಲ್ಲಿ ಮನೆ ಹುಡುಕುವ ಲೆಕ್ಕ

ವಿಳಾಸದಲ್ಲಿ ‘ಪ್ಲೇನೊ, ಟೆಕ್ಸಸ್’ ಎಂದಿದ್ದ ಮಾತ್ರಕ್ಕೆ ಆ ಮನೆಯ ಮಗು ಪ್ಲೇನೊ ಶಾಲೆಗೆ ಹೋಗುತ್ತದೆ ಎಂದೇನಿಲ್ಲ. ಪ್ಲೇನೊ ನಗರದ ವಾಯವ್ಯ ಮೂಲೆಯ ಮನೆಗಳಲ್ಲಿ ಕೆಲವು ಫ್ರಿಸ್ಕೊ ಐಎಸ್‌ಡಿಗೆ (ಶಾಲಾ ಜಿಲ್ಲೆಗೆ) ಸೇರಿವೆ, ಕೆಲವು ಲೂಯಿಸ್‌ವಿಲ್ ಐಎಸ್‌ಡಿಗೆ, ಉತ್ತರದಂಚಿನ ಒಂದಿಷ್ಟು ಆಲೆನ್ ಐಎಸ್‌ಡಿಗೆ. ಫ್ರಿಸ್ಕೊ ನಗರದೊಳಗೆ ನಾಲ್ಕು ಶಾಲಾ ಜಿಲ್ಲೆಗಳಿವೆ: ಫ್ರಿಸ್ಕೊ, ಪ್ರಾಸ್ಪರ್, ಲಿಟಲ್ ಎಲ್ಮ್, ಲೂಯಿಸ್‌ವಿಲ್. ಅರ್ವಿಂಗ್‌ನ ವ್ಯಾಲಿ ರಾಂಚ್‌ನಲ್ಲಿ ಭಾರತೀಯರು ತುಂಬಿದ್ದಾರೆ. ಅಲ್ಲಿ ಅರ್ವಿಂಗ್ ನಗರಕ್ಕೆ ತೆರಿಗೆ ಕಟ್ಟಿ ಮಕ್ಕಳನ್ನು ಕಾಪೆಲ್ ಶಾಲೆಗೆ ಕಳಿಸುತ್ತಾರೆ, ಕೆಲವು ಬೀದಿಗಳವರು ಕ್ಯಾರಲ್ಟನ್–ಫಾರ್ಮರ್ಸ್ ಬ್ರಾಂಚ್ ಶಾಲೆಗೆ. ಲೇಕ್ ಹೈಲ್ಯಾಂಡ್ಸ್ ಡಲ್ಲಾಸ್ ನಗರದ್ದೇ ಬಡಾವಣೆ, ಆದರೆ ಶಾಲೆ ರಿಚರ್ಡ್‌ಸನ್ ಐಎಸ್‌ಡಿಯದ್ದು.

ಊರಿಂದ ಬಂದವರಿಗೆ ಇದು ತಲೆಗೆ ಹೋಗುವುದಕ್ಕೆ ಸ್ವಲ್ಪ ಸಮಯ ಬೇಕು. ಬೆಂಗಳೂರಿನಲ್ಲಿ ಮನೆ ಬನಶಂಕರಿಯಲ್ಲಿರಲಿ ಹೆಬ್ಬಾಳದಲ್ಲಿರಲಿ, ದುಡ್ಡು ಕಟ್ಟಿದರೆ ಶಾಲೆಯ ವ್ಯಾನು ಬಾಗಿಲಿಗೆ ಬರುತ್ತದೆ. ಇಲ್ಲಿ ಸರ್ಕಾರಿ ಶಾಲೆಯ ಸೀಟು ಮನೆ ನಂಬರಿನ ಜೊತೆಗೇ ಬರುತ್ತದೆ. ಹಾಗಾಗಿ ಮನೆ ಕೊಳ್ಳುವಾಗ ಶಾಲೆಯನ್ನೂ ಕೊಳ್ಳುತ್ತೀರಿ. ಆದರೆ ಅದರಲ್ಲಿ ಯಾವ ಭಾಗ ಗಟ್ಟಿ, ಯಾವ ಭಾಗ ನಾಳೆ ಬದಲಾಗಬಹುದು ಎಂಬುದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಐಎಸ್‌ಡಿ ಎಂದರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್. ಹೆಸರಿನ ಮೊದಲ ಪದವನ್ನು ಅಕ್ಷರಶಃ ತಗೊಳ್ಳಬೇಕು. ಅದು ನಗರಸಭೆಯ ಅಡಿಯಲ್ಲಿಲ್ಲ, ಕೌಂಟಿಯ (ರಾಜ್ಯದೊಳಗಿನ ಆಡಳಿತ ಜಿಲ್ಲೆಯ) ಅಡಿಯಲ್ಲೂ ಇಲ್ಲ. ತನ್ನದೇ ಚುನಾಯಿತ ಮಂಡಳಿ, ತನ್ನದೇ ತೆರಿಗೆ ದರ, ತನ್ನದೇ ಸಾಲಪತ್ರ. ಟೆಕ್ಸಸ್‌ನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಹೊಲಗದ್ದೆಗಳ ನಡುವಿನ ಹಳ್ಳಿ ಶಾಲೆಗಳ ಸುತ್ತ ಹುಟ್ಟಿದ ಗಡಿಗಳು ಇವು. ಆಮೇಲೆ ನಗರಗಳು ಸುತ್ತಲ ಭೂಮಿಯನ್ನು ಸೇರಿಸಿಕೊಳ್ಳುತ್ತ ಬೆಳೆದವು, ಶಾಲಾ ಜಿಲ್ಲೆಯ ಗೆರೆ ಮಾತ್ರ ಇದ್ದಲ್ಲೇ ಉಳಿಯಿತು. 2019ರ ಕಾಯ್ದೆಯ ನಂತರ ನಗರಗಳು ನಿವಾಸಿಗಳ ಒಪ್ಪಿಗೆಯಿಲ್ಲದೆ ಹೊರಗಿನ ಜಾಗವನ್ನು ಸೇರಿಸಿಕೊಳ್ಳುವುದೂ ನಿಂತಿತು. ಆದ್ದರಿಂದ ಹೊಸ ಬಡಾವಣೆಗಳಲ್ಲಿ ಅನೇಕವು ಈಗ ಯಾವ ನಗರಕ್ಕೂ ಸೇರದೆ ಕೌಂಟಿಯ ಬಯಲಲ್ಲೇ ಎದ್ದಿವೆ.

ಒಂದು ಮನೆಯ ಮೇಲೆ ಕನಿಷ್ಠ ಐದು ಗೆರೆಗಳು ಹಾದುಹೋಗುತ್ತವೆ: ಅಂಚೆ ವಿಳಾಸ, ನಗರದ ಗಡಿ, ಕೌಂಟಿ, ಶಾಲಾ ಜಿಲ್ಲೆ, ಆ ಜಿಲ್ಲೆಯೊಳಗಿನ ಶಾಲೆಯ ವಲಯ. ಹೊಸ ಬಡಾವಣೆಯಾದರೆ ಆರನೆಯದು ಮಡ್ ಅಥವಾ ಪಿಐಡಿ, ಅಂದರೆ ಬಡಾವಣೆಯ ನೀರು, ಚರಂಡಿಯಂಥ ಸೌಕರ್ಯದ ಖರ್ಚನ್ನು ಮನೆಯವರಿಂದ ವಸೂಲಿ ಮಾಡುವ ವಿಶೇಷ ಜಿಲ್ಲೆ. ಅಂಚೆ ವಿಳಾಸಕ್ಕೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ. ಯಾವ ಅಂಚೆ ಕಚೇರಿ ಕಾಗದ ಹಂಚುತ್ತದೆ ಎಂಬುದಷ್ಟೇ ಅದರ ಅರ್ಥ. ಮನೆ ಮಾರಾಟದ ಆ್ಯಪ್‌ಗಳಲ್ಲಿ ಊರಿನ ಹೆಸರು ಹಾಕಿ ಹುಡುಕಿದರೆ ಬರುವುದು ಬಹುಪಾಲು ಈ ಅಂಚೆ ಊರು. ಲಿಸ್ಟಿಂಗ್‌ನಲ್ಲಿ ಕಾಣುವ ಶಾಲೆಯ ಹೆಸರುಗಳನ್ನು ಮಾರುವವರ ಏಜೆಂಟ್ ಕೈಯಲ್ಲಿ ತುಂಬಿಸಿರುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಖರೀದಿದಾರರು ಪರಿಶೀಲಿಸಿಕೊಳ್ಳಬೇಕು’ ಎಂದೂ ಇರುತ್ತದೆ. ಹಳೆಯ ಲಿಸ್ಟಿಂಗ್‌ನಿಂದ ನಕಲಾಗಿ ಬಂದ ಶಾಲೆಯ ಹೆಸರು, ವಲಯ ಬದಲಾಗಿ ಎರಡು ವರ್ಷವಾದರೂ ಹಾಗೇ ಕೂತಿರುವುದುಂಟು.

ನಮ್ಮ ಏಜೆಂಟನ್ನು ಕೇಳಿದರಾಯಿತಲ್ಲ ಎಂದರೆ, ‘ಈ ಶಾಲೆ ಚೆನ್ನಾಗಿದೆಯಾ?’ ಎಂಬ ಪ್ರಶ್ನೆಗೆ ಇಲ್ಲಿನ ಏಜೆಂಟರು ಉತ್ತರ ಕೊಡದೆ ವೆಬ್‌ಸೈಟು ತೋರಿಸುತ್ತಾರೆ. ಅದು ಜಾರಿಕೊಳ್ಳುವ ಬುದ್ಧಿಯಲ್ಲ. ಗಿರಾಕಿಯ ಜನಾಂಗ, ಧರ್ಮ, ಮೂಲದೇಶ ನೋಡಿ ಇಂಥ ಬಡಾವಣೆಗೆ ಹೋಗಿ, ಅಲ್ಲಿಗೆ ಬೇಡ ಎಂದು ತಿರುಗಿಸುವುದನ್ನು 1968ರ ಫೇರ್ ಹೌಸಿಂಗ್ ಕಾಯ್ದೆ ತಡೆಯುತ್ತದೆ. ‘ಒಳ್ಳೆ ಶಾಲೆ’ ಎಂಬ ಮಾತು ಅದಕ್ಕೇ ಅಡ್ಡದಾರಿಯಾಗಬಹುದೆಂದು ಅವರು ಬಾಯಿ ಬಿಡುವುದಿಲ್ಲ. ಆದ್ದರಿಂದ ‘ಈ ಮನೆ ಯಾವ ಜಿಲ್ಲೆಯಲ್ಲಿದೆ, ದಾಖಲೆ ತೋರಿಸಿ’ ಎಂದು ಕೇಳಬೇಕು. ಅದಕ್ಕೆ ಉತ್ತರ ಬರುತ್ತದೆ. ಇನ್ನು ಯುಗಾದಿ ಊಟದ ಸಾಲಿನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಮೂರು ವರ್ಷ ಹಳೆಯದು. ಹೇಳುವವರಿಗೆ ಒಳ್ಳೆಯ ಮನಸ್ಸಿದೆ, ಆದರೆ ಅವರು ಮನೆ ಕೊಂಡ ವರ್ಷದ ನಕ್ಷೆ ಅವರ ತಲೆಯಲ್ಲಿದೆ.

ಪರಿಶೀಲನೆ ಶುರುವಾಗಬೇಕಾದದ್ದು ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ನ (ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿಯ) ಜಾಲತಾಣದಿಂದ. ಪ್ಲೇನೊದ ಬಹುಪಾಲಿಗೆ, ಆಲೆನ್, ಮೆಕಿನ್ನಿಗೆ ಕೊಲಿನ್ ಕೌಂಟಿ. ಫ್ರಿಸ್ಕೊ ನಗರದ ಪೂರ್ವಭಾಗ ಕೊಲಿನ್, ಪಶ್ಚಿಮಭಾಗ ಡೆಂಟನ್. ಬೆಂಗಳೂರಿನಲ್ಲಿ ಎ ಖಾತಾನೋ ಬಿ ಖಾತಾನೋ ಎಂದು ನೋಡದೆ ಯಾರೂ ಮುಂಗಡ ಕೊಡುವುದಿಲ್ಲವಲ್ಲ, ಹಾಗೆಯೇ ಇಲ್ಲಿ ಈ ಪುಟ ನೋಡದೆ ಮನೆಯೊಳಗೆ ಕಾಲಿಡುವುದೇ ದಂಡ. ಬೀದಿ ಮತ್ತು ಮನೆ ನಂಬರು ಹಾಕಿದರೆ ಆಸ್ತಿಯ ಪುಟ ತೆರೆಯುತ್ತದೆ. ಕೆಳಗೆ ಇಳಿದರೆ ‘ಟ್ಯಾಕ್ಸಿಂಗ್ ಎಂಟಿಟೀಸ್’ ಎಂಬ ಪುಟ್ಟ ಪಟ್ಟಿ. ಕೊಲಿನ್‌ನಲ್ಲಿ ಪ್ಲೇನೊದ ಮಾಮೂಲಿ ಮನೆಗೆ ಅಲ್ಲಿ ನಾಲ್ಕು ಸಾಲು: ಸಿಪಿಎಲ್, ಜಿಸಿಎನ್, ಜೆಸಿಎನ್, ಎಸ್‌ಪಿಎಲ್. ಮೊದಲನೆಯದು ಪ್ಲೇನೊ ನಗರ, ಎರಡನೆಯದು ಕೊಲಿನ್ ಕೌಂಟಿ, ಮೂರನೆಯದು ಕೊಲಿನ್ ಕಾಲೇಜು, ನಾಲ್ಕನೆಯದು ಪ್ಲೇನೊ ಐಎಸ್‌ಡಿ. ಎಸ್ ಅಕ್ಷರದ ಸಾಲೇ ಶಾಲೆ. ಆ ಸಾಲಿನಲ್ಲಿ ಯಾವ ಹೆಸರಿದೆಯೋ ಅದೇ ಜಿಲ್ಲೆ. ಬ್ರೋಷರ್‌ನಲ್ಲಿ ಏನೇ ಅಚ್ಚಾಗಿರಲಿ. ಸಿ ಸಾಲು ಕಾಣದೇ ಹೋದರೆ ಮನೆ ಯಾವ ನಗರದೊಳಗೂ ಇಲ್ಲ. ಪಟ್ಟಿಯಲ್ಲಿ ಈ ನಾಲ್ಕು ಬಗೆಯಲ್ಲದ ಬೇರೆ ಸಾಲೊಂದು ಕಂಡರೆ ಅಲ್ಲೇ ನಿಲ್ಲಿ, ಅದು ಬಹುಶಃ ಮಡ್.

ಅದೇ ಪುಟದಲ್ಲಿ ಇನ್ನೆರಡು ವಿಷಯ ಸಿಗುತ್ತವೆ. ‘ಮಾರ್ಕೆಟ್ ವ್ಯಾಲ್ಯೂ’ ಮತ್ತು ‘ಅಸೆಸ್ಡ್ ವ್ಯಾಲ್ಯೂ’ ಬೇರೆ ಬೇರೆ ಇದ್ದರೆ ಈಗಿನ ಮಾಲೀಕರಿಗೆ ಹೋಮ್‌ಸ್ಟೆಡ್ ಮಿತಿ ಸಿಕ್ಕಿದೆ ಎಂದು ಸಾಮಾನ್ಯವಾಗಿ ಅರ್ಥ: ಸ್ವಂತ ವಾಸದ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಕೈ ಬದಲಾದ ಮುಂದಿನ ಜನವರಿ 1ಕ್ಕೆ ಆ ಮಿತಿ ಹರಿದುಹೋಗಿ ಮೌಲ್ಯ ಮಾರುಕಟ್ಟೆ ದರಕ್ಕೆ ಜಿಗಿಯುತ್ತದೆ. ಮಾಲೀಕರು 65 ದಾಟಿದವರಾದರೆ ಅವರ ಶಾಲಾ ತೆರಿಗೆಯೇ ಒಂದು ಮೊತ್ತಕ್ಕೆ ನಿಂತುಬಿಟ್ಟಿರುತ್ತದೆ. ಲಿಸ್ಟಿಂಗ್‌ನಲ್ಲಿ ‘ಕಳೆದ ವರ್ಷದ ತೆರಿಗೆ 5,100 ಡಾಲರ್’ ಎಂದು ಓದಿ ಅದರಂತೆಯೇ ತಿಂಗಳ ಕಂತು ಲೆಕ್ಕ ಹಾಕಿಕೊಂಡವರು ಎರಡನೇ ವರ್ಷ ಕಂಗಾಲಾಗುವುದು ಇಲ್ಲಿಯೇ.

ಲೆಕ್ಕ ಕೈಯಲ್ಲೇ ಮಾಡಿನೋಡಿ. ದರಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಆದ್ದರಿಂದ ಇವು ಉದಾಹರಣೆಯ ಅಂಕಿಗಳು. 5,50,000 ಡಾಲರ್‌ನ ಮನೆ, ನೂರು ಡಾಲರಿಗೆ ಶಾಲೆ 1.03, ನಗರ 0.43, ಕೌಂಟಿ 0.15, ಕಾಲೇಜು 0.08 ಎನ್ನೋಣ. ಶಾಲಾ ತೆರಿಗೆಗೆ ಹೋಮ್‌ಸ್ಟೆಡ್ ವಿನಾಯಿತಿ 2023ರಲ್ಲಿ 1,00,000 ಆಗಿತ್ತು, 2025ರ ನವೆಂಬರ್ ಮತದಾನದ ನಂತರ 1,40,000 ಡಾಲರ್. ಅದನ್ನು ಕಳೆದರೆ 4,10,000ಕ್ಕೆ 1.03ರಂತೆ 4,223 ಡಾಲರ್. ಉಳಿದ ಮೂರಕ್ಕೆ ನಗರ, ಕೌಂಟಿಯ ಚಿಲ್ಲರೆ ವಿನಾಯಿತಿಗಳನ್ನು ಬಿಟ್ಟು ಪೂರ್ತಿ ಬೆಲೆಯ ಮೇಲೆ ಹಾಕಿದರೆ 2,365, 825, 440. ಒಟ್ಟು 7,853. ಇದೇ ಬೆಲೆಯ ಮನೆ ನಗರದಾಚೆ, ಮಡ್ ದರ 0.80 ಇರುವ ಬಡಾವಣೆಯಲ್ಲಿದ್ದರೆ ನಗರದ 2,365 ಹೋಗಿ ಮಡ್‌ನ 4,400 ಬರುತ್ತದೆ, ಒಟ್ಟು 9,888. ವರ್ಷಕ್ಕೆ 2,035 ಡಾಲರ್ ವ್ಯತ್ಯಾಸ, ತಿಂಗಳಿಗೆ 170ರ ಹತ್ತಿರ. ‘ಇಲ್ಲಿ ಸಿಟಿ ಟ್ಯಾಕ್ಸ್ ಇಲ್ಲ’ ಎಂದು ಮಾರಾಟದ ಕಚೇರಿಯಲ್ಲಿ ಹೇಳುವ ಮಾತು ಸುಳ್ಳಲ್ಲ, ಅರ್ಧ ಮಾತು ಅಷ್ಟೆ.

ಮಡ್ ಎಂದರೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ನಗರವಿಲ್ಲದ ಕಡೆ ನೀರು, ಒಳಚರಂಡಿ, ಮಳೆನೀರಿನ ಕಾಲುವೆಗೆ ಸಾಲಪತ್ರ ಎತ್ತಿ, ಮನೆ ಕೊಂಡವರ ತೆರಿಗೆಯಿಂದ ತೀರಿಸುವ ವ್ಯವಸ್ಥೆ. ಮನೆಗಳು ಹೆಚ್ಚಾದಂತೆ ದರ ಇಳಿಯಬಹುದು. ಹೊಸ ಸಾಲ ಎತ್ತಿದರೆ ಇಳಿಯದೆಯೂ ಇರಬಹುದು. ಪಿಐಡಿ, ಅಂದರೆ ಪಬ್ಲಿಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್, ಬೇರೆ ಜಾತಿಯದು. ಅದು ನಗರದೊಳಗೂ ಇರುತ್ತದೆ, ಎಷ್ಟೋ ಸಲ ಸೈಟಿಗೆ ಇಷ್ಟು ಎಂದು ಗೊತ್ತುಮಾಡಿದ ಮೊತ್ತವನ್ನು ಹಲವು ವರ್ಷಗಳ ಕಂತಿನಲ್ಲಿ ಕಟ್ಟಬೇಕು. ಅಪ್ರೈಸಲ್ ಪುಟದ ದರಪಟ್ಟಿಯಲ್ಲಿ ಅದು ಕಾಣಿಸದೇ ಹೋಗಬಹುದು. ಆದ್ದರಿಂದ ಬಾಯಿಬಿಟ್ಟು ಕೇಳಬೇಕು: ಪಿಐಡಿ ಇದೆಯೇ, ಬಾಕಿ ಎಷ್ಟು, ಒಟ್ಟಿಗೆ ತೀರಿಸಬಹುದೇ? ಮಾರುವವರು ಮಡ್ ಮತ್ತು ಪಿಐಡಿ ನೋಟಿಸನ್ನು ಕರಾರಿಗೆ ಸಹಿ ಬೀಳುವ ಮುಂಚೆ ಕೊಡಬೇಕೆಂದು ಟೆಕ್ಸಸ್ ಕಾನೂನಿದೆ. ಕೊಡದಿದ್ದರೆ ಕರಾರು ಬಿಡುವ ಹಕ್ಕು ಕೊಳ್ಳುವವರಿಗೆ ಉಂಟು. ಅರವತ್ತು ಪುಟದ ಕಾಗದದ ನಡುವೆ ಬರುವ ಈ ಎರಡು ಹಾಳೆಯನ್ನು ಮಾತ್ರ ಸಹಿ ಹಾಕುವ ಮುನ್ನ ನಿಧಾನವಾಗಿ ಓದಿ.

ಕೌಂಟಿ ಗೆರೆಯೂ ಸುಮ್ಮನೆ ಅಲ್ಲ. ಫ್ರಿಸ್ಕೊದ ಕೊಲಿನ್ ಭಾಗದವರು ಕೊಲಿನ್ ಕಾಲೇಜಿಗೆ ತೆರಿಗೆ ಕಟ್ಟುತ್ತಾರೆ, ಮಕ್ಕಳಿಗೆ ಅಲ್ಲಿ ಜಿಲ್ಲೆಯೊಳಗಿನವರ ಶುಲ್ಕ. ಡೆಂಟನ್ ಭಾಗದವರಿಗೆ ಆ ತೆರಿಗೆಯಿಲ್ಲ, ಶುಲ್ಕ ಹೆಚ್ಚು. ಮಗು ಎರಡು ವರ್ಷ ಅಲ್ಲೇ ಓದಿ ಮುಂದೆ ಯೂನಿವರ್ಸಿಟಿಗೆ ಹೋಗುವ ಯೋಚನೆ ಇದ್ದರೆ ಇದನ್ನು ಗಮನಿಸಿ, ಇಲ್ಲದಿದ್ದರೆ ಬಿಡಿ.

ಈಗ ಮುಖ್ಯ ವಿಷಯಕ್ಕೆ. ಶಾಲಾ ಜಿಲ್ಲೆಯ ಗೆರೆ ದಶಕಗಟ್ಟಲೆ ಕದಲುವುದಿಲ್ಲ. ಜಿಲ್ಲೆಯೊಳಗಿನ ವಲಯದ ಗೆರೆ ಮಂಡಳಿಯ ಒಂದು ಸಂಜೆಯ ಮತದಿಂದ ಬದಲಾಗುತ್ತದೆ. ಜನ ಇದನ್ನು ತಿರುಗಾಮುರುಗಾ ಮಾಡಿಕೊಂಡು, ಇಂಥದೇ ಪ್ರಾಥಮಿಕ ಶಾಲೆ ಬೇಕೆಂದು 30–40 ಸಾವಿರ ಡಾಲರ್ ಹೆಚ್ಚು ಕೊಡುತ್ತಾರೆ. ಆ ಹೆಚ್ಚುವರಿ ದುಡ್ಡು ಜಿಲ್ಲೆಗೆ ಕೊಟ್ಟರೆ ಸರಿ, ಒಂದು ಕಟ್ಟಡಕ್ಕೆ ಕೊಡುವುದು ನನ್ನ ಲೆಕ್ಕದಲ್ಲಿ ನಷ್ಟ.

ವಲಯ ಕದಲುವುದಕ್ಕೆ ಎರಡು ಕಾರಣ, ಒಂದಕ್ಕೊಂದು ತದ್ವಿರುದ್ಧ. ಉತ್ತರದ ಪ್ರಾಸ್ಪರ್, ಸೆಲೈನಾ ಕಡೆ ಮಕ್ಕಳು ಶಾಲೆಗಿಂತ ಮೊದಲು ಬಂದುಬಿಡುತ್ತಾರೆ. ಬಡಾವಣೆಯ ನಕ್ಷೆಯಲ್ಲಿ ‘ಮುಂದಿನ ಪ್ರಾಥಮಿಕ ಶಾಲೆ’ ಎಂದು ಹಸಿರು ಚೌಕ ಬರೆದಿರುತ್ತದೆ, ಜಾಗವೂ ನಿಜವಾಗಿ ಜಿಲ್ಲೆಯದ್ದೇ ಇರಬಹುದು. ಆದರೆ ಕಟ್ಟಲು ಸಾಲಪತ್ರಕ್ಕೆ ಮತದಾರರ ಒಪ್ಪಿಗೆ ಬೇಕು, ಒಪ್ಪಿದ ಮೇಲೂ ಕಟ್ಟಡ ಏಳಲು ಎರಡು ವರ್ಷ. ಅಲ್ಲಿಯವರೆಗೆ ಆ ಮಕ್ಕಳು ಬೇರೊಂದು ಶಾಲೆಗೆ ಬಸ್ಸಿನಲ್ಲಿ. ಪ್ರಿ-ಕೆಯಿಂದ (ಕಿಂಡರ್‌ಗಾರ್ಟನ್‌ಗೂ ಮುಂಚಿನ ವರ್ಷದಿಂದ) 4ನೇ ತರಗತಿವರೆಗೆ ಒಂದು ಕ್ಲಾಸಿನಲ್ಲಿ 22 ಮಕ್ಕಳ ಮಿತಿ ರಾಜ್ಯದ ಕಾನೂನು. ಮಿತಿ ತುಂಬಿದರೆ, ವಲಯದೊಳಗೇ ಮನೆಯಿದ್ದರೂ, ತಡವಾಗಿ ಸೇರಿದ ಮಗುವನ್ನು ಜಾಗವಿರುವ ಶಾಲೆಗೆ ಕಳಿಸುವುದುಂಟು. ಇದನ್ನು ಇಲ್ಲಿ ಓವರ್‌ಫ್ಲೋ ಎನ್ನುತ್ತಾರೆ. ಅಕ್ಕ ಒಂದು ಶಾಲೆ, ತಮ್ಮ ಇನ್ನೊಂದು ಶಾಲೆ, ಎರಡಕ್ಕೂ ಒಂದೇ ಗಂಟೆಗೆ ಬೆಲ್ಲು.

ದಕ್ಷಿಣದ ಹಳೆಯ ಬಡಾವಣೆಗಳಲ್ಲಿ ತೊಂದರೆ ಉಲ್ಟಾ. ಮಕ್ಕಳು ದೊಡ್ಡವರಾಗಿ ಹೋದರೂ ತಂದೆತಾಯಿ ಅದೇ ಮನೆಯಲ್ಲಿದ್ದಾರೆ. ಬೆಲೆ ಏರಿದ್ದರಿಂದ ಹೊಸ ಸಂಸಾರಗಳು ಉತ್ತರಕ್ಕೆ ಹೋಗುತ್ತಿವೆ. ರಾಜ್ಯದ ಅನುದಾನ ದಿನದ ಸರಾಸರಿ ಹಾಜರಾತಿಯ ಮೇಲೆ ನಿಂತಿರುವುದರಿಂದ ಖಾಲಿ ಬೆಂಚು ಎಂದರೆ ಖಾಲಿ ಗಲ್ಲಾ. ಪ್ಲೇನೊ ಮಂಡಳಿ 2024ರ ಜೂನ್‌ನಲ್ಲಿ ಡೇವಿಸ್, ಫೋರ್ಮನ್ ಪ್ರಾಥಮಿಕ ಶಾಲೆಗಳನ್ನೂ ಆರ್ಮ್‌ಸ್ಟ್ರಾಂಗ್, ಕಾರ್ಪೆಂಟರ್ ಮಿಡಲ್ ಶಾಲೆಗಳನ್ನೂ ಮುಚ್ಚಲು ಮತ ಹಾಕಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಕಾಪೆಲ್‌ನಲ್ಲಿ ಪಿಂಕರ್ಟನ್, ಫ್ರಿಸ್ಕೊದಲ್ಲಿ ಸ್ಟೇಲಿ ಮಿಡಲ್ ಶಾಲೆಯ ಸರದಿ. ಫ್ರಿಸ್ಕೊ ಎಂದರೆ ವರ್ಷಕ್ಕೆ ನಾಲ್ಕು ಶಾಲೆ ತೆರೆಯುವ ಊರು ಎಂದು ನಂಬಿಕೊಂಡಿದ್ದವರಿಗೆ ಅದು ಸಣ್ಣ ಪೆಟ್ಟಲ್ಲ.

ಹಾಗಾಗಿ ಮನೆ ನೋಡಲು ಹೋದಾಗ ಸುತ್ತ ಐದು ನಿಮಿಷ ಕಾರು ಓಡಿಸಿ ಎರಡು ಬಗೆಯ ಗುರುತು ನೋಡುವುದು ರೂಢಿಯಾಯಿತು. ಬಣ್ಣದ ರಿಬ್ಬನ್ ಕಟ್ಟಿದ ಮರದ ಗೂಟಗಳು, ಮಣ್ಣಿನಿಂದ ಮೇಲೆ ಚಾಚಿದ ಬಿಳಿ ಪಿವಿಸಿ ಪೈಪು, ಮನೆಯಿಲ್ಲದ ಬೀದಿಯಲ್ಲಿ ಹೊಸ ಫೈರ್ ಹೈಡ್ರಂಟು ಇದ್ದರೆ ಹೊಸ ಮನೆಗಳು ಬರಲಿವೆ, ಎರಡು ಮೂರು ವರ್ಷದಲ್ಲಿ ವಲಯ ಮುರಿಯುತ್ತದೆ. 1980ರ ಆಸುಪಾಸಿನ ಮನೆಗಳು, ಎತ್ತರದ ಓಕ್ ಮರಗಳು, ಯಾವ ಡ್ರೈವ್‌ವೇಯಲ್ಲೂ ಬಾಸ್ಕೆಟ್‌ಬಾಲ್ ಬುಟ್ಟಿ ಕಾಣದಿದ್ದರೆ ಶಾಲೆ ಮುಚ್ಚುವ ಅಥವಾ ಎರಡು ಸೇರಿಸುವ ಮಾತು ಬರಬಹುದು.

ಕಣ್ಣಂದಾಜು ಸಾಲದಿದ್ದರೆ ಕಾಗದವೂ ಇದೆ. ಬೆಳೆಯುತ್ತಿರುವ ಜಿಲ್ಲೆಗಳು ಡೆಮೊಗ್ರಾಫರ್ (ಜನಸಂಖ್ಯೆಯ ಅಂದಾಜು ಹಾಕುವ ತಜ್ಞ) ವರದಿ ತರಿಸಿ ಮಂಡಳಿ ಸಭೆಯಲ್ಲಿ ಮಂಡಿಸುತ್ತವೆ. ಸಭೆಯ ಅಜೆಂಡಾದ ಜೊತೆ ಪಿಡಿಎಫ್ ಇರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಎರಡು ಪುಟ ಸಾಕು. ಒಂದು, ಪ್ರತಿ ಶಾಲೆಯ ಸಾಮರ್ಥ್ಯ, ಈಗಿನ ಸಂಖ್ಯೆ, ಮುಂದಿನ ವರ್ಷಗಳ ಅಂದಾಜು. ಇನ್ನೊಂದು, ಪ್ರತಿ ಬಡಾವಣೆಯಲ್ಲಿ ಎಷ್ಟು ಸೈಟು ಸಿದ್ಧವಾಗಿವೆ, ಎಷ್ಟು ಬರಲಿವೆ. ಮನೆಯೊಂದಕ್ಕೆ ಎಷ್ಟು ವಿದ್ಯಾರ್ಥಿ ಎಂಬ ಸರಾಸರಿಯೂ ಅಲ್ಲೇ ಕೊಟ್ಟಿರುತ್ತಾರೆ. ಅದು 0.5 ಇದ್ದು, ಪಕ್ಕದಲ್ಲಿ 400 ಸೈಟು ಬರುವುದಿದ್ದರೆ 200 ಮಕ್ಕಳು. ಅವರಲ್ಲಿ ಅರ್ಧದಷ್ಟಾದರೂ ಪ್ರಾಥಮಿಕಕ್ಕೆ. ಶಾಲೆ ಈಗಾಗಲೇ ಸಾಮರ್ಥ್ಯದ ಅಂಚಿನಲ್ಲಿದ್ದರೆ ಮುಂದೇನಾಗುತ್ತದೆಂದು ಊಹಿಸಲು ಜೋಯಿಸರು ಬೇಕಿಲ್ಲ. ವಲಯದ ನಿರ್ಧಾರಗಳು ಹೆಚ್ಚಾಗಿ ಚಳಿಗಾಲದ ಸಭೆಗಳಲ್ಲಿ ಆಗಿ ಮುಂದಿನ ಆಗಸ್ಟಿಗೆ ಜಾರಿಯಾಗುತ್ತವೆ. ಮಾರ್ಚ್‌ನಲ್ಲಿ ಮನೆ ನೋಡುವವರು ಹಿಂದಿನ ನಾಲ್ಕು ತಿಂಗಳ ಅಜೆಂಡಾ ತಿರುವಿ ಹಾಕಬೇಕು. ನಕ್ಷೆ ಹಳೆಯದೇ ಕಾಣುತ್ತಿದ್ದರೂ ಮತ ಬಿದ್ದಾಗಿರಬಹುದು. ಮಗು ಶಾಲೆಯ ಕೊನೆಯ ವರ್ಷದಲ್ಲಿದ್ದರೆ ಸಾಮಾನ್ಯವಾಗಿ ಅಲ್ಲೇ ಮುಗಿಸಲು ಬಿಡುತ್ತಾರೆ, ಬಸ್ಸು ಮಾತ್ರ ಕೊಡುವುದಿಲ್ಲ.

ಜಿಲ್ಲೆಗಳ ಒಳರಚನೆಯೂ ಒಂದೇ ಥರ ಇಲ್ಲ. ಆಲೆನ್‌ನಲ್ಲಿ ಹೈಸ್ಕೂಲು ಒಂದೇ. ಪ್ರಾಥಮಿಕದ ಗೆರೆ ಎಲ್ಲಿ ಎಳೆದರೂ ಕೊನೆಗೆ ಎಲ್ಲ ಮಕ್ಕಳೂ ಅಲ್ಲಿಗೇ. ವಲಯ ಬದಲಾಗುವ ತಲೆನೋವು ಬೇಡದವರಿಗೆ ಇದಕ್ಕಿಂತ ನೆಮ್ಮದಿ ಇಲ್ಲ, ಆದರೆ ಸಾವಿರಾರು ಮಕ್ಕಳ ಶಾಲೆಯಲ್ಲಿ ತಂಡಗಳಿಗೆ, ನಾಟಕಕ್ಕೆ, ಆರ್ಕೆಸ್ಟ್ರಾಗೆ ಪೈಪೋಟಿ ಜಾಸ್ತಿ. ಫ್ರಿಸ್ಕೊ ಉಲ್ಟಾ ದಾರಿ ಹಿಡಿದು ಸುಮಾರು 2,100 ಮಕ್ಕಳ ಹತ್ತಕ್ಕೂ ಹೆಚ್ಚು ಹೈಸ್ಕೂಲು ಕಟ್ಟಿತು. ತಂಡದಲ್ಲಿ ಜಾಗ ಸುಲಭ, ಆದರೆ ಹೈಸ್ಕೂಲಿನ ವಲಯವೂ ಕದಲುತ್ತದೆ. ಪ್ಲೇನೊದಲ್ಲಿ 9–10ನೇ ತರಗತಿಗೆ ಒಂದು ಕಟ್ಟಡ, 11–12ಕ್ಕೆ ಸೀನಿಯರ್ ಹೈ. ಜಾಸ್ಪರ್, ಶೆಪ್ಟನ್ ಮುಗಿಸಿದವರು ಪ್ಲೇನೊ ವೆಸ್ಟ್‌ಗೆ ಹೋಗುತ್ತಾರೆ. ಅಂದರೆ ಮನೆಯ ನಕ್ಷೆಯಲ್ಲಿ ಮೂರಲ್ಲ, ನಾಲ್ಕು ಶಾಲೆ ನೋಡಬೇಕು.

ಶ್ರೇಣಿಯ ವಿಷಯ. ಆ್ಯಪ್‌ನಲ್ಲಿ ಕಾಣುವ ಹತ್ತಕ್ಕೆ ಒಂಬತ್ತು ಎಂಬ ಅಂಕ ಖಾಸಗಿ ಸಂಸ್ಥೆಯದು. ರಾಜ್ಯದ ಎ–ಎಫ್ ಶ್ರೇಣಿ ಬೇರೆ. ಕೋರ್ಟು ತಡೆಯಿಂದ ನಿಂತಿದ್ದ 2023ರದ್ದು 2025ರ ಏಪ್ರಿಲ್‌ನಲ್ಲಿ, 2024 ಮತ್ತು 2025ರದ್ದು ಒಟ್ಟಿಗೇ ಅದೇ ಆಗಸ್ಟಿನಲ್ಲಿ ಹೊರಬಂದವು. ನಮ್ಮವರು ಮರೆಯುವ ಲೆಕ್ಕ ಇನ್ನೊಂದಿದೆ. 1997ರ ಕಾನೂನಿನಂತೆ ಟೆಕ್ಸಸ್ ಹೈಸ್ಕೂಲಿನ ಮೊದಲ ಶೇ. 10 ಮಕ್ಕಳಿಗೆ ರಾಜ್ಯದ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಸ್) ಮಾತ್ರ ಅದನ್ನು ಬಿಗಿಮಾಡುತ್ತ ಬಂದು 2026ರ ಫಾಲ್ ಪ್ರವೇಶಕ್ಕೆ ಶೇ. 5ಕ್ಕೆ ಇಳಿಸಿದೆ. ಈ ರ‍್ಯಾಂಕು ಆಯಾ ಶಾಲೆಯೊಳಗಿನದು. 500 ಮಕ್ಕಳ ಬ್ಯಾಚಿನಲ್ಲಿ 25 ಜನ. ಎಲ್ಲರೂ ಹತ್ತಕ್ಕೆ ಹತ್ತರ ಶಾಲೆಯನ್ನೇ ಹುಡುಕಿಕೊಂಡು ಹೋಗಿ, ಅಲ್ಲಿ 40ನೇ ಸ್ಥಾನಕ್ಕೆ ನಿಲ್ಲುವ ಮಗು ಪಕ್ಕದ ಮಾಮೂಲಿ ಶಾಲೆಯಲ್ಲಿ ಹತ್ತರೊಳಗೆ ಇರಬಹುದಿತ್ತು. ಎಂಟನೇ ತರಗತಿಯ ಮಗುವಿರುವವರು ಮನೆ ಕೊಳ್ಳುವ ಮುನ್ನ ಕೂತು ಮಾತಾಡಬೇಕಾದ ವಿಷಯವಿದು. ಒಂದನೇ ತರಗತಿಯವರಿಗೆ ಇನ್ನೂ ದೂರ, ಅಷ್ಟರಲ್ಲಿ ಕಾನೂನೇ ಬದಲಾದೀತು.

ನಗರದ ಗಡಿ ಶಾಲೆಯನ್ನು ಮುಟ್ಟದಿದ್ದರೂ ದಿನನಿತ್ಯವನ್ನು ಮುಟ್ಟುತ್ತದೆ. ಪ್ಲೇನೊ, ರಿಚರ್ಡ್‌ಸನ್, ಅರ್ವಿಂಗ್ ನಗರಗಳು ಡಾರ್ಟ್ ಸಾರಿಗೆಯೊಳಗಿವೆ. ಫ್ರಿಸ್ಕೊ, ಆಲೆನ್, ಮೆಕಿನ್ನಿ ಇಲ್ಲ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದು, ಕಾರು ಓಡಿಸಲಾಗದೆ ಮನೆಯಲ್ಲೇ ಕೂರಬೇಕಾದಾಗ ಇದರ ಬೆಲೆ ತಿಳಿಯುತ್ತದೆ. ನಗರವಿಲ್ಲದ ಕಡೆ ಪೊಲೀಸರ ಬದಲು ಕೌಂಟಿಯ ಶೆರಿಫ್. ಮನೆ ಹಿಂದಿನ ಖಾಲಿ ಜಾಗಕ್ಕೆ ನಗರದ ಝೋನಿಂಗ್ ನಕ್ಷೆ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ನಕ್ಷೆ) ನೋಡಿ. ಜೊತೆಗೆ 2025ರ ಸೆಪ್ಟೆಂಬರ್‌ನಿಂದ ಜಾರಿಯಾದ ಕಾನೂನಿನಂತೆ ದೊಡ್ಡ ಕೌಂಟಿಗಳಲ್ಲಿ ಜನಸಂಖ್ಯೆ ಒಂದೂವರೆ ಲಕ್ಷ ದಾಟಿದ ನಗರಗಳು ವಾಣಿಜ್ಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಮರುಝೋನಿಂಗ್ ಕೇಳುವಂತಿಲ್ಲ. ಪ್ಲೇನೊ, ಫ್ರಿಸ್ಕೊ, ಮೆಕಿನ್ನಿ ಮೂರಕ್ಕೂ ಇದು ಅನ್ವಯ. ‘ಹಿಂದೆ ಬರೀ ಅಂಗಡಿ ಬರುತ್ತೆ’ ಎಂಬ ಭರವಸೆ ಹಳತಾಯಿತು, ಶಾಲೆಯ ಸಂಖ್ಯೆಯ ಲೆಕ್ಕವೂ ಅದರ ಜೊತೆಗೇ.

ಮನೆ ಮನಸ್ಸಿಗೆ ಬಂದು ಆಫರ್ ಒಪ್ಪಿಗೆಯಾದ ಮೇಲೆ ಹಳೆ ಮನೆಗಾದರೆ ಆಪ್ಷನ್ ಪೀರಿಯಡ್ ಇರುತ್ತದೆ. ಸಾಮಾನ್ಯವಾಗಿ 5ರಿಂದ 10 ದಿನ, ಸಣ್ಣ ಶುಲ್ಕ ಕೊಟ್ಟು ಪಡೆದದ್ದು. ಆ ಅವಧಿಯಲ್ಲಿ ಕಾರಣ ಹೇಳದೆ ಹಿಂದೆ ಸರಿದರೂ ಅರ್ನೆಸ್ಟ್ ಮನಿ (ಮುಂಗಡ) ವಾಪಸ್ಸು. ಎಲ್ಲರೂ ಇನ್‌ಸ್ಪೆಕ್ಷನ್‌ಗೆ ಮಾತ್ರ ಬಳಸುವ ಈ ದಿನಗಳ ಮೊದಲ ಬೆಳಿಗ್ಗೆಯೇ ಜಿಲ್ಲೆಯ ವಿದ್ಯಾರ್ಥಿ ದಾಖಲಾತಿ ಕಚೇರಿಗೆ ಮೇಲ್ ಬರೆಯಿರಿ: ವಿಳಾಸ, ಮಗುವಿನ ತರಗತಿ, ಯಾವ ಶಾಲೆ, ಆ ಶಾಲೆ ತುಂಬಿದೆಯೇ, ಬರುವ ವರ್ಷ ವಲಯ ಬದಲಾವಣೆ ಚರ್ಚೆಯಲ್ಲಿದೆಯೇ, ಬಸ್ಸು ಉಂಟೇ. ಫೋನಿನಲ್ಲಿ ಕೇಳಿದರೆ ಉತ್ತರ ಸಿಗುತ್ತದೆ, ಆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಸ್ಸಿಗೆ ರಾಜ್ಯದ ಅನುದಾನ ಸಿಗುವುದು ರಸ್ತೆ ದೂರ 2 ಮೈಲಿ ಇದ್ದರೆ, ಇಲ್ಲವೇ ದಾರಿ ಅಪಾಯದ್ದಾಗಿದ್ದರೆ, 1.9 ಮೈಲಿಯ ಮನೆಯವರು ದಿನವೂ ಕಾರಿನ ಸಾಲಿನಲ್ಲಿ ಕಾಯುತ್ತಾರೆ. ಬಿಲ್ಡರ್‌ನಿಂದ ನೇರ ಕೊಳ್ಳುವಾಗ ಕರಾರು ಅವರದೇ, ಅದರಲ್ಲಿ ಆಪ್ಷನ್ ಪೀರಿಯಡ್ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಈ ಮೇಲ್ ಸಹಿಗೆ ಮುಂಚೆಯೇ ಹೋಗಬೇಕು.

ದಾಖಲಾತಿ ಅಷ್ಟು ಕಷ್ಟದ್ದಲ್ಲ. ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ಕ್ಕೆ 5 ತುಂಬಿರಬೇಕು; 2ನೇ ತಾರೀಕು ಹುಟ್ಟಿದ ಮಗು ಮುಂದಿನ ವರ್ಷಕ್ಕೆ. ಬೇಕಾದ ದಾಖಲೆಗಳು: ಕ್ಲೋಸಿಂಗ್ (ಮನೆ ಕೊಂಡ) ಕಾಗದ ಅಥವಾ ಬಾಡಿಗೆ ಕರಾರು, ಇತ್ತೀಚಿನ ಕರೆಂಟ್ ಅಥವಾ ನೀರಿನ ಬಿಲ್ಲು, ಜನನ ಪತ್ರ, ಲಸಿಕೆ ದಾಖಲೆ. ಊರಿನ ಲಸಿಕೆ ಕಾರ್ಡಿನಲ್ಲಿ ಹೆಪಟೈಟಿಸ್ ಎ, ಚಿಕನ್‌ಪಾಕ್ಸ್‌ನ ಎರಡೆರಡು ಡೋಸು ಎಷ್ಟೋ ಸಲ ಇರುವುದಿಲ್ಲ, ಜುಲೈನಲ್ಲೇ ನೋಡಿಕೊಳ್ಳಿ. ಕಾನೂನುಬದ್ಧ ವೀಸಾ ಇಲ್ಲವೆಂದೂ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಇದೇ ಟೆಕ್ಸಸ್‌ನ ಟೈಲರ್ ಊರಿನ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಗೆಳೆಯರ ವಿಳಾಸ ಕೊಟ್ಟು ಸೇರಿಸುವ ಯೋಚನೆ ಮಾತ್ರ ಬೇಡ. ಸುಳ್ಳು ದಾಖಲೆ ಅಪರಾಧ, ಜೊತೆಗೆ ಅಷ್ಟು ದಿನದ ಬೋಧನಾ ಶುಲ್ಕ ವಸೂಲಿ. ಈ ಎಚ್ಚರಿಕೆ ದಾಖಲಾತಿ ಫಾರಮಿನಲ್ಲೇ ಅಚ್ಚಾಗಿರುತ್ತದೆ. ಮನೆಮಾತು ಯಾವುದು ಎಂಬ ಹಾಳೆಯಲ್ಲಿ ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಅದಕ್ಕೆ ಹೆದರಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ, ಅಗತ್ಯವಿಲ್ಲ. ಬರುವ ಮಗು ಪಾಸಾಗಿ ತರಗತಿಗೆ ಹೋಗುತ್ತದೆ, ಬಾರದ ಮಗುವಿಗೆ ಸಹಾಯ ಸಿಗುತ್ತದೆ.

ಮನೆ ಕೈಗೆ ಬಂದ ಮೇಲೆ ಹೋಮ್‌ಸ್ಟೆಡ್ ಅರ್ಜಿಯನ್ನು ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಹಾಕಿ. ಅರ್ಜಿ ಪುಕ್ಕಟೆ, ದುಡ್ಡು ಕೊಟ್ಟರೆ ಮಾಡಿಕೊಡುತ್ತೇವೆ ಎಂದು ಅಂಚೆಯಲ್ಲಿ ಬರುವ ಕಾಗದಗಳನ್ನು ಕಸಕ್ಕೆ ಹಾಕಿ. ಡ್ರೈವಿಂಗ್ ಲೈಸೆನ್ಸಿನ ವಿಳಾಸ ಹೊಸ ಮನೆಯದ್ದಿರಬೇಕು, ಇಲ್ಲದಿದ್ದರೆ ಅರ್ಜಿ ವಾಪಸ್ಸಾಗಬಹುದು. ಹೊಸದಾಗಿ ಕಟ್ಟಿದ ಮನೆಯಾದರೆ ಮೊದಲ ವರ್ಷದ ತೆರಿಗೆ ಜನವರಿ 1ರಂದು ಇದ್ದ ಸ್ಥಿತಿಗೆ, ಅಂದರೆ ಬರಿ ಸೈಟಿಗೆ ಬಿದ್ದಿರಬಹುದು. ಬ್ಯಾಂಕು ಅದನ್ನೇ ನೋಡಿ ಎಸ್ಕ್ರೋ ಕಂತು (ತೆರಿಗೆ, ವಿಮೆಗೆಂದು ಸಾಲದ ಕಂತಿನ ಜೊತೆ ವಸೂಲಿ ಮಾಡುವ ದುಡ್ಡು) ಕಡಿಮೆ ಇಟ್ಟಿರುತ್ತದೆ. ಮುಂದಿನ ವರ್ಷ ಪೂರ್ತಿ ಮನೆಗೆ ತೆರಿಗೆ ಬಂದಾಗ ಕೊರತೆಯೂ ಹೊಸ ದರವೂ ಸೇರಿ ತಿಂಗಳ ಕಂತು 600–800 ಡಾಲರ್ ಏರಿದರೂ ಆಶ್ಚರ್ಯವಿಲ್ಲ. ಮೇಲೆ ಮಾಡಿದ 7,853ರ ಲೆಕ್ಕವನ್ನು ಹನ್ನೆರಡಕ್ಕೆ ಭಾಗಿಸಿ, ಈಗಿನ ಎಸ್ಕ್ರೋಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೊದಲ ತಿಂಗಳಿಂದಲೇ ಬೇರೆ ಖಾತೆಯಲ್ಲಿ ತೆಗೆದಿಡಿ.